ಅವ್ವನ ಸೀರಿ, ಆಯಿ ಕೌದಿ ಮತ್ತ ನಿಮ್ಮ ಪ್ರಶ್ನೆಗಳು

ಬ್ಯಾಸಿಗಿ ಬಂತಂದ್ರ ಈ ಕಾಲಂಗೆ ಕೌದಿ, ಅಂದ್ರ ಹಳೇ ಅರಿವಿ ಪದರ ಕೂಡಿಸಿ ಹೊಲಿಯೋ ಹೊದಿಕಿ, ಅದರ ಪತ್ರ ಬರಾಕ ಶುರು ಆಗ್ತಾವ್ರಿ. ಸುಗ್ಗಿ ಮುಗದಿರತೈತಿ, ಬಿತ್ತಾಕ ಇನ್ನೂ ಟೈಮ್ ಇರತೈತಿ, ಸಾಲಿ ಸೂಟಿ ಬಿಟ್ಟಿರತಾವು, ಟ್ರಂಕಿನಾಗಿನ ಹಳೇ ಸೀರಿ ಹೊರಗ ಬರ್ತಾವು, ಅವುಗಳ ಜೋಡಿ ಹಳೇ ಜಗಳಾನೂ ಬರ್ತಾವು. ಈ ಸಲ ಹೊಲಿಗಿ ಬಗ್ಗೆ ಕೇಳಿದವರಿಗಿಂತ ಮನಿ ಮಂದಿ ಬಗ್ಗೆ ಕೇಳಿದವರ ಹೆಚ್ಚು. ಹೆಸರು ಹಾಕಬ್ಯಾಡ್ರಿ ಅಂತ ಭಾಳ ಮಂದಿ ಬರದಿದ್ದಕ್ಕ ಯಾರದೂ ಹಾಕಿಲ್ಲ, ಊರಷ್ಟ ಹಾಕೇನಿ.

ಪ್ರಶ್ನೆ: ಅಕ್ಕಾರ ನಮಸ್ಕಾರ. ನಮ್ಮವ್ವ ತೀರಿಕೊಂಡು ವರ್ಷ ಆತು. ಅಕಿ ಸೀರಿ ಒಂದು ಟ್ರಂಕ್ ತುಂಬ ಅದಾವು, ಎಲ್ಲಾ ಇರಕಲ್, ಉಟ್ಟು ಉಟ್ಟು ಮೆತ್ತಗಾಗ್ಯಾವು. ನಾವು ಮೂರು ಮಂದಿ ಅಕ್ಕತಂಗೇರು, ಒಬ್ಬ ತಮ್ಮ. ವರ್ಷದ ಕಾರ್ಯಕ್ಕ ಕೂಡಿದಾಗ ಈ ಸೀರಿಲೇ ಕೌದಿ ಹೊಲಸೋಣ ಅಂತ ಮಾತು ಬಂತು, ನಮ್ಮ ದೊಡ್ಡಾಕಿ ಹೆಣ್ಮಕ್ಕಳು ಮೂವರೂ ಸಮ ಪಾಲು ಮಾಡ್ಕೊಳ್ಳೋಣ ಅಂದ್ಲು. ತಮ್ಮನ ಹೆಂಡತಿ ಏನೂ ಅನ್ನಲಿಲ್ಲ, ಎದ್ದು ಒಳಗ ಹೋಗಿ ಚಹಾ ಇಟ್ಲು. ಅವ್ವ ಹಾಸಿಗಿ ಹಿಡದಾಗ ಮೈ ಒರಸಿದಾಕಿ, ಸೀರಿ ಬದಲಿಸಿದಾಕಿ ಅಕಿನ. ಅವತ್ತಿಂದ ನನಗ ಸಮಾಧಾನ ಇಲ್ಲ. ಮತ್ತ ಖರೇ ಹೇಳಬೇಕಂದ್ರ ಅವ್ವನ ಸೀರಿಗೆ ಕತ್ತರಿ ಹಾಕಾಕ ಕೈನೂ ಬರವಲ್ದು. ಏನ್ ಮಾಡ್ಲಿ?
(ಬೆಟಗೇರಿ)

ಉತ್ತರ: ತಂಗಿ, ನಿಮ್ಮ ಪತ್ರದಾಗ ಉತ್ತರ ನೀವ ಬರದೀರಿ, ನನ್ನ ಬಾಯಿಲೆ ಹೇಳಸಬೇಕಂತ ಕಳಿಸೀರಿ ಅಷ್ಟ. ಟ್ರಂಕ್ ತೆಗೆದಾಗ ಮೊದಲನೇ ಸೀರಿ ಆರಿಸೋದು ಆ ಹುಡುಗಿ. "ನಿನಗೂ ಒಂದು ಕೊಡತೇವಿ ತಗೋ" ಅಂತಲ್ಲ, ಹಂಗ ಅಂದ್ರ ಅಕಿ ಬ್ಯಾಡರಿ ಅಂತಾಳ, ಅನ್ನಬೇಕೂ ಕೂಡ. ಎಲ್ಲಾರಕಿಂತ ಮೊದಲ ಅಕಿ ಕೈಯಾಗ ಕೀಲಿ ಕೊಟ್ಟು, "ನೀನ ತಗೀ, ನಿನಗ ಯಾವ್ದು ಬೇಕೋ ನೋಡು, ಆಮ್ಯಾಲ ನಾವು" ಅನ್ರಿ. ಇದನ್ನ ನಾಕು ಮಂದಿ ಮುಂದ ಒಮ್ಮಿಂದೊಮ್ಮೆ ಹೇಳಿದ್ರ ನಿಮ್ಮ ಅಕ್ಕಗ ತನಗ ಬುದ್ಧಿ ಹೇಳಾಕ ಹತ್ಯಾಳ ಅನಸತೈತಿ, ಅದಕ್ಕ ಮೊದಲ ಅಕ್ಕಗ ಒಬ್ಬಾಕಿಗೇ ಫೋನ್ ಮಾಡ್ರಿ. ಅಕಿ ಕೆಟ್ಟಾಕಿ ಅಲ್ಲ ಅಂತ ನನಗ ಅನಸತೈತಿ, ತವರಮನಿ ಬಾಗಲಾ ಮುಚ್ಚತಾವೇನೋ ಅನ್ನೋ ಹೆದರಿಕಿಗೆ ಹೆಣ್ಮಕ್ಕಳು ಹಿಂಗ ಲೆಕ್ಕ ಮಾಡ್ತಾರ, ತವರಿನ ಬಾಗಲಾ ತೆಗದಿಡಾಕಿ ಯಾರು ಅಂದ್ರ ಆ ತಮ್ಮನ ಹೆಂಡತಿನ, ಇದನ್ನ ಮಾತ್ರ ಮರೀತಾರ.

ಇನ್ನ ಕತ್ತರಿ ಮಾತು. ಎಲ್ಲಾ ಸೀರಿ ಕತ್ತರಸಬೇಕಂತ ಯಾರು ಹೇಳ್ಯಾರ? ಉಡಾಕ ಬರೋ ಸೀರಿ ಉಡ್ರಿ, ಹರದದ್ದು ಕೌದಿಗೆ ಹಾಕ್ರಿ. ಹಿಂದಿನವರು ಮಾಡಿದ್ದೂ ಅದನ್ನ, ಚಲೋ ಸೀರಿ ಕತ್ತರಿಸಿ ಕೌದಿ ಮಾಡೋ ಶ್ರೀಮಂತಿಕಿ ಯಾರಿಗಿತ್ತು? ಮತ್ತ ಕೌದಿ ಅಂದ್ರ ಬರೇ ತುಂಡು ಅನ್ಕೋಬ್ಯಾಡ್ರಿ. 6 ವಾರಿ ಸೀರಿ ಅಂದ್ರ 18 ಫೂಟ್, ಅದನ್ನ ಉದ್ದಕ್ಕ ಮೂರು ಮಡಿಕಿ ಹಾಕಿದ್ರ 6 ಫೂಟ್ ಉದ್ದ, ಹೆಚ್ಚುಕಡಿಮಿ 4 ಫೂಟ್ ಅಗಲ, ಮೂರು ಪದರ. ಒಬ್ಬರು ಹೊದಿಯೋ ಕೌದಿ ಹೊಟ್ಟಿ, ಅಂದ್ರ ಒಳಗಿನ ಪದರ, ಒಂದ ಸೀರಿಲೇ ಆತು, ಕತ್ತರಿ ಮುಟ್ಟಸಲಾರದ. ನಿಮ್ಮವ್ವಂದು 9 ವಾರಿ ಇದ್ರ 27 ಫೂಟ್, ನಾಕು ಪದರ ಆಗಿ ಮತ್ತ ತುಂಡು ಉಳೀತೈತಿ. ಕತ್ತರಸೋದು ಮ್ಯಾಲಿನ ತ್ಯಾಪಿಗೆ ಮಾತ್ರ.

ಆ ತ್ಯಾಪಿಗೆ ಎಲ್ಲಾ ಸೀರಿಯಿಂದ ಒಂದೊಂದು ತುಂಡು ತಗೀರಿ, ನಾಕು ಕೌದಿ ಮಾಡ್ರಿ, ನಾಕರ ಮ್ಯಾಲೂ ಎಲ್ಲಾ ಸೀರಿ ಬರಬೇಕು. ಆವಾಗ ಆ ಹಸರ ಸೀರಿ ಅಕಿಗೆ ಹೋತು, ಇದು ಇಕಿಗೆ ಬಂತು ಅನ್ನೋ ಮಾತ ಇರಂಗಿಲ್ಲ. ಇರಕಲ್ ಸೀರಿದೊಂದು ಮಜಾ ಐತಿ ನೋಡ್ರಿ, ಅದರ ಮೈ ಬ್ಯಾರೆ, ಸೆರಗು ಬ್ಯಾರೆ. ಮೈ ಹತ್ತಿ, ಸೆರಗು ರೇಷ್ಮಿ, ಎರಡನ್ನೂ ಮಗ್ಗದ ಮ್ಯಾಲ ಎಳಿಗೆ ಎಳಿ ಕುಣಿಕಿ ಹಾಕಿ ಕೂಡಸಿರತಾರ, ತೋಪು ತೆನಿ ಸೆರಗು ಅಂತೀವಲ್ಲ ಅದು. ಹತ್ತಿ ಮತ್ತ ರೇಷ್ಮಿ ಒಂದ ಥರ ಸವಿಯಂಗಿಲ್ಲ, ಒಗದಾಗ ಒಂದ ಥರ ಮುದುಡಂಗಿಲ್ಲ, ಅದಕ್ಕ ಸೆರಗು ಬಿಚ್ಚಿ ಬ್ಯಾರೆ ಇಡ್ರಿ, ನಡುವ ಚೌಕಕ್ಕ ಹಾಕ್ರಿ. ದಡಿನೂ ಬಿಚ್ಚರಿ, ಗೋಮಿ ದಡಿ ಚಿಕ್ಕಿಪರಾಸ ದಡಿ ಭಾಳ ಒತ್ತ ಇರತಾವು, ಪದರದಾಗ ಸಿಕ್ಕರ ಸೂಜಿ ಮುರೀತೈತಿ, ಅವನ್ನ ಸುತ್ತಲೂ ಅಂಚಿಗೆ ಕೊಟ್ರ ಚೌಕಟ್ಟು ತಾನ ಆಗತೈತಿ. ಯಾವ್ದಾದ್ರೂ ಸೀರಿ ಮ್ಯಾಲ ಕಸೂತಿ ಇದ್ರ ಆ ತುಂಡು ಹರಿಬ್ಯಾಡ್ರಿ, ಅದರ ಮ್ಯಾಲ ಕೌದಿ ಹೊಲಿಗಿನೂ ಹಾಯಿಸಬ್ಯಾಡ್ರಿ, ಸುತ್ತ ಹೊಲದು ಬಿಡ್ರಿ.

ಒಂದು ಮಾತು, ನಾಕೂ ಮಂದಿ ಕೂಡಿ ಕುಂತ ಹೊಲೀಬೇಕು ಅಂತ ಹಟ ಮಾಡಬ್ಯಾಡ್ರಿ. ಮೊದಲನೇ ದಿನ ಅಳೂದು, ಎರಡನೇ ದಿನ ನಗೂದು, ಮೂರನೇ ದಿನ ನಿನ್ನ ಹೊಲಿಗಿ ಸೊಟ್ಟ ಐತಿ ಅನ್ನೂದು. ತ್ಯಾಪಿ ಹೊಂದಸೋ ತನಕ ಕೂಡಿರ್ರಿ ಸಾಕು, ಉಳದದ್ದು ಯಾರ ಮನ್ಯಾಗ ಅವರು ಮಾಡ್ಲಿ. ಹೊಲಿಯಾಕ ಬರಲಾರದವರು ಗೊಂದಳಿ ಸಮಾಜದ ಹೆಣ್ಮಕ್ಕಳಿಗೆ ಕೊಡ್ರಿ, ನಮ್ಮ ಕಡೆ ಊರೂರು ಅಡ್ಡಾಡಿ ಕೌದಿ ಹೊಲಕೊಡೋದು ಅವರ ಕಸಬು, ಕಣ್ಣಳತಿಲೇ ತ್ಯಾಪಿ ಕೂಡಸತಾರ. ರೊಕ್ಕದಾಗ ಚೌಕಾಶಿ ಮಾಡಬ್ಯಾಡ್ರಿ ಮತ್ತ, ಮಾಲ್‌ನಾಗ ಎಂಆರ್‌ಪಿ ಕೊಟ್ಟು ಬರೋ ಮಂದಿ ನಾವು.

ಪ್ರಶ್ನೆ: ನಾನು ರಿಟೈರ್ಡ್ ಬ್ಯಾಂಕ್ ನೌಕರ. ನಮ್ಮ ಮನಿಯವರಿಗೆ ಸಂಧಿವಾತದಿಂದ ಬೆರಳು ಮಡಚಲಿಕ್ಕೆ ಬರೂದಿಲ್ಲ, ಅರ್ಧ ಹೊಲದ ಕೌದಿ ಹಂಗ ಬಿದ್ದದ. ನಾನು ಮುಗಸ್ತೀನಿ ಅಂದ್ರ ಮಕ್ಕಳು ನಗ್ತಾರ, ವಾಕಿಂಗ್ ಗೆಳೆಯರಂತೂ ಕೇಳಬ್ಯಾಡ್ರಿ. ಕಲೀಬಹುದೋ ಹೆಂಗ? ಎಲ್ಲಿಂದ ಶುರು ಮಾಡಬೇಕು?
(ವಿದ್ಯಾಗಿರಿ, ಧಾರವಾಡ)

ಉತ್ತರ: ನಿಮ್ಮ ಗೆಳೆಯರ ಪ್ಯಾಂಟ್ ಹೊಲದಾಂವ ಗಂಡಸ ಅಲ್ಲೇನ್ರಿ ಸರ? ಅದನ್ನ ಕೇಳ್ರಿ ಅವರಿಗೆ, ನಗು ನಿಲ್ತೈತಿ.

ದಬ್ಬಣ ತಗೋಬ್ಯಾಡ್ರಿ, ಅದು ಚೀಲ ಹೊಲಿಯೋದು, ಹಳೇ ಅರಿವ್ಯಾಗ ತೂತು ಬೀಳತಾವು. ದೊಡ್ಡ ಕಣ್ಣಿನ ಉದ್ದ ಸೂಜಿ ಸಾಕು. ಮಷಿನ್ ದಾರ ತಡಿಯಂಗಿಲ್ಲ, ದಪ್ಪ ಹತ್ತಿ ದಾರ ಬೇಕು, ಎರಡು ಮೊಳಕ್ಕಿಂತ ಉದ್ದ ಪೋಣಸಬ್ಯಾಡ್ರಿ, ಗಂಟು ಬಿದ್ದು ತಲಿ ತಿಂತೈತಿ, ದಾರಾನ ಮೇಣದಬತ್ತಿ ಮ್ಯಾಲ ಒಮ್ಮೆ ಎಳದ್ರ ಸರಳ ಹೋಗತೈತಿ. ಬೆರಳಿಗೆ ಸ್ಟೀಲ್ ಕ್ಯಾಪ್ ಹಾಕೋರಿ, ನಾಚಬ್ಯಾಡ್ರಿ. ಕೌದಿ ನೆಲದ ಮ್ಯಾಲ ಪೂರ್ತಿ ಹಾಸಿ ಒಳಗಿನ ಪದರ ಕೈಲೆ ಸವರಿ ಸುಕ್ಕು ತಗದು ಮೊದಲ ಉದ್ದುದ್ದ ಕಚ್ಚಾ ಹೊಲಿಗಿ ಹಾಕೋರಿ, ಇಲ್ಲಂದ್ರ ಅರ್ಧಕ್ಕ ಬರೋದ್ರಾಗ ಒಳಗಿನ ಅರಿವಿ ಸರದು ಒಂದ ಕಡೆ ಗುಡ್ಡಿ ಆಗತೈತಿ. ಮನ್ಯಾಗ ನವಲಗುಂದದ ಜಮಖಾನಿ ಇದ್ರ ಅದರ ಮ್ಯಾಲ ಹಾಸಿ ಹೊಲಿಯಾಕ ಹೋಗಬ್ಯಾಡ್ರಿ, ಸೂಜಿ ಅದಕ್ಕೂ ಸಿಕ್ಕೊಂಡು ಎರಡೂ ಕೂಡಿ ಬರತಾವು, ಆಮ್ಯಾಲ ನಿಮ್ಮ ಮನಿಯವರ ಕಡಿಂದ ಬೈಸಿಕೊಳ್ಳೋರು ನೀವ.

ಹೊಲಿಗಿ ಅಂದ್ರ ಬರೇ ಹೋಗೂದು ಬರೂದು. ಬಲಗೈಯಾಗ ಸೂಜಿ, ಎಡಗೈ ಕೌದಿ ಕೆಳಗ, ಸೂಜಿ ತುದಿ ಕೆಳಗಿನ ಬೆರಳಿಗೆ ತಾಗಿತೋ ಇಲ್ಲೋ ಅನ್ನೋದ್ರಾಗ ಮ್ಯಾಲ ತಿರುವಬೇಕು, ಹಿಂಗ ಮೂರು ನಾಕು ಟಾಕಿ ಸೂಜಿ ಮ್ಯಾಲ ಏರಿದ ಮ್ಯಾಲ ಒಮ್ಮೆ ಎಳೀಬೇಕು. ಕೆಳಗಿನ ಬೆರಳಿಗೆ ಚುಚ್ಚಲಿಲ್ಲಂದ್ರ ಕಡೀ ಪದರಕ್ಕ ಹೊಲಿಗಿ ಬಿದ್ದಿಲ್ಲ ಅಂತ ತಿಳೀರಿ. ಸಾಲಿನಿಂದ ಸಾಲಿಗೆ ಒಂದು ಬೆರಳು ಜಾಗ. ನಿಮ್ಮ ಕೌದಿ ಮನಿಯವರು ಎಲ್ಲಿಗೆ ಬಿಟ್ಟಾರೋ ಅಲ್ಲಿಂದ ಹಿಡೀರಿ. ಹೊಸಾದು ಮಾಡೋವಾಗ ಅಂಚಿನಿಂದ ಸುತ್ತ ಹೊಲಕೋಂತ ನಡುವಕ್ಕ ಬರಬಹುದು, ನಿಮ್ಮ ಧಾರವಾಡದ ಪಕ್ಕದ ಹಳಿಯಾಳ, ಆಕಡೆ ಯಲ್ಲಾಪುರದ ಸಿದ್ದಿ ಹೆಣ್ಮಕ್ಕಳು ಹೊಲಿಯೋದು ಹಂಗ, ಅವರು ಅದಕ್ಕ ಕವಂದಿ ಅಂತಾರ, ನಾಕೂ ಮೂಲಿಗೆ ಹೂವಿನಂಥ ಸಣ್ಣ ತ್ಯಾಪಿ ಇಡ್ತಾರ, ಒಮ್ಮೆ ನೋಡ್ರಿ ಕಣ್ಣಿಗೆ ಹಬ್ಬ.

ಮನಿಯವರನ್ನ ಬಾಜೂಕ ಕೂಡ್ರಸಕೋರಿ. ಯಾವ ತ್ಯಾಪಿ ಎಲ್ಲಿ ಅನ್ನೋದು ಅವರು ಹೇಳಬೇಕು, ನೀವು ಹೊಲೀಬೇಕು. ಬಣ್ಣದ ವಿಷಯದಾಗ ನಿಮ್ಮ ಅಭಿಪ್ರಾಯ ಯಾರೂ ಕೇಳಿಲ್ಲ ಅಂತ ತಿಳ್ಕೊಂಡ ಕೂಡ್ರಿ.

ಪ್ರಶ್ನೆ: ಪುಣೇದಾಗಿರೋ ಮಗಳಿಗೆ ಬಾಣೆತನ ಮುಗದು ವಾಪಸ್ ಹೋಗುವಾಗ ಕೂಸಿಗೆ ಅಂತ ಕೌದಿ ಹೊಲದು ಕಳಿಸಿದ್ದೆ, ಹತ್ತಿ ಧೋತರ ಮತ್ತ ಖಣದ ತುಂಡಿಂದು. ಅಲ್ಲಿ ಡಾಕ್ಟರು ಕೂಸಿಗೆ ಕೌದಿ ಹೊದಿಸಬ್ಯಾಡ್ರಿ ಅಂದಾರಂತ, ಮಗಳು ಮಡಚಿ ಇಟ್ಟಾಳ. ನಾವೆಲ್ಲಾ ಕೌದ್ಯಾಗ ಬೆಳದಿಲ್ಲೇನ್ರಿ? ಭಾಳ ಬ್ಯಾಸರಾತು.
(ರಾಣೇಬೆನ್ನೂರು)

ಉತ್ತರ: ಬ್ಯಾಸರ ಆಗೂದು ಸಹಜ ಐತ್ರಿ, ಆದ್ರ ಡಾಕ್ಟರು ಹೇಳಿದ್ದು ಬರೋಬ್ಬರಿ. ವರ್ಷದೊಳಗಿನ ಕೂಸು ಮಲಗಿದಾಗ ಮೈಮ್ಯಾಲ ಸಡ್ಲ ಹೊದಿಕಿ ಇರಬಾರದು, ಮುಖದ ಮ್ಯಾಲ ಬಂದ್ರ ಅದಕ್ಕ ಸರಸಾಕ ಬರಂಗಿಲ್ಲ. ಮಗಳು ನಿಮ್ಮ ಕೌದಿ ಒಲ್ಲೆ ಅಂದಿಲ್ಲ, ಹೊದಿಸಂಗಿಲ್ಲ ಅಂದಾಳ ಅಷ್ಟ. ಕೂಸು ಎಚ್ಚರ ಇದ್ದಾಗ ನೆಲಕ್ಕ ಹಾಸಿ ಎಣ್ಣಿ ಹಚ್ಚಲಿ, ಬೋರಲ ಬಿದ್ದು ಆಡಲಿ, ಯಾರರೆ ಎದುರಿಗೆ ಕುಂತಿದ್ರ ಆತು. ಬಣ್ಣ ಬಣ್ಣದ ತ್ಯಾಪಿ ಕೂಸು ಕೈಲೆ ಗೀರೂದು ನೋಡಾಕ ಮಗಳಿಗೆ ವಿಡಿಯೋ ಕಾಲ್ ಮಾಡಾಕ ಹೇಳ್ರಿ, ಬ್ಯಾಸರ ಅರ್ಧ ಹೋಗತೈತಿ. ಇನ್ನೊಂದು, ಕೌದಿ ಇಟ್ಟ ಟ್ರಂಕಿನಾಗ ಡಾಂಬರ ಗುಳಿಗಿ ಹಾಕಿದ್ರೇನು? ಹಾಕಿದ್ರ ಮಗಳಿಗೆ ಈಗ ಹೇಳ್ರಿ, ಆ ವಾಸನಿ ಕೂಸುಗಳಿಗೆ ಒಳ್ಳೇದಲ್ಲ, ಕೆಲವು ಕೂಸುಗಳಿಗೆ ರಕ್ತದ ತೊಂದ್ರಿನೂ ಆಗತೈತಿ. ಚಲೋತ್ನಂಗ ಒಗದು ಬಿಸಲಿಗೆ ಹಾಕಿ, ವಾಸನಿ ಪೂರ್ತಿ ಹೋದ ಮ್ಯಾಲ ಬಳಸ್ಲಿ. ಟ್ರಂಕಿಗೆ ಒಣಗಿದ ಬೇವಿನ ಎಲಿ ಸಾಕು.

ಪ್ರಶ್ನೆ: ಮಧ್ಯಾಹ್ನ ಎಲ್ಲಾ ಕೆಲಸ ಮುಗದ ಮ್ಯಾಲ ಒಬ್ಬಾಕಿನ ಕುಂತು ಕೌದಿ ಹೊಲಿಯೋದಂದ್ರ ನನಗ ಭಾಳ ಖುಷಿ. ಟಿವಿ ಬ್ಯಾಡ, ಓಣ್ಯಾಗಿನ ಮಾತು ಬ್ಯಾಡ. ನಮ್ಮ ಯಜಮಾನ್ರು ದುರ್ಗದಬೈಲಿನಾಗ ಬ್ಲಾಂಕೆಟ್ ಅಗ್ಗ ಸಿಗತಾವು, ಕಣ್ಣ್ಯಾಕ ಹಾಳ ಮಾಡ್ಕೋತಿ ಅಂತಾರ. ಹಿಂಗ ಮಂದಿ ಬ್ಯಾಡ ಅನಸೋದು ಸರಿನಾ?
(ಹಳೇ ಹುಬ್ಬಳ್ಳಿ)

ಉತ್ತರ: ಮುಂಜಾನಿ ಐದಕ್ಕ ಎದ್ದು ಎಲ್ಲಾರ ಡಬ್ಬಿ ಕಟ್ಟಿ, ಅತ್ತಿಮಾವನ ಗುಳಿಗಿ ನೋಡಿ, ನೀರು ಬಂದಾಗ ನೀರು ಹಿಡದು, ಇಷ್ಟೆಲ್ಲಾ ಮಂದಿ ಜೋಡಿ ಇದ್ದ ಮ್ಯಾಲ ಎರಡು ತಾಸು ಮಂದಿ ಬ್ಯಾಡ ಅನಸಲಿಲ್ಲಂದ್ರ ನಾನ ನಿಮಗ ಚಿಂತಿ ಮಾಡಬೇಕಾಗಿತ್ತು. ಯಜಮಾನ್ರು ಬ್ಲಾಂಕೆಟ್ ಅಗ್ಗ ಅಂದದ್ದು ಖರೇ ಐತಿ, ಆದ್ರ ನೀವು ಬ್ಲಾಂಕೆಟ್ ಸಲುವಾಗಿ ಎಲ್ಲಿ ಹೊಲಿಯಾಕತ್ತೀರಿ? ಅವರು ಕ್ರಿಕೆಟ್ ನೋಡ್ತಾರಲ್ಲ, ಸ್ಕೋರ್ ಮರುದಿನ ಪೇಪರಿನಾಗ ಬರತೈತಿ ಅಂತ ನೀವೇನ್ ಟಿವಿ ಬಂದ್ ಮಾಡೀರೇನು? ಕಣ್ಣಿನ ಮಾತು ಮಾತ್ರ ಕೇಳ್ರಿ, ಕಿಟಕಿ ಬಾಜೂಕ ಕೂಡ್ರಿ, ಕರೇ ಅರಿವಿ ಮ್ಯಾಲ ಕರೇ ದಾರ ಹಾಕೋ ಹಟ ಬಿಡ್ರಿ, ನಲವತ್ತು ದಾಟಿದ್ರ ಒಮ್ಮೆ ಚಸ್ಮಾ ಚೆಕ್ ಮಾಡಸ್ರಿ. ಹೊಲಿಯೋ ಮುಂದ ಬರೋ ವಿಚಾರ ಬರ್ಲಿ. ಯಾವ್ದೋ ಜಂಪರದ ತುಂಡು ಕೈಗೆ ಬಂದಾಗ ಆ ಜಂಪರ ಹಾಕ್ಕೊಂಡ ದಿನ ಯಾರ ಏನ್ ಅಂದಿದ್ರು ಅನ್ನೋದು ನೆನಪಾಗಿ ಸಿಟ್ಟೂ ಬರಬಹುದು, ಬರ್ಲಿ ಬಿಡ್ರಿ, ಅದರ ಮ್ಯಾಲ ಇನ್ನೆರಡು ಟಾಕಿ ಬಿಗಿ ಹಾಕ್ರಿ.

ಪ್ರಶ್ನೆ: ನಮ್ಮ ಆಯಿ ಕೌದಿ ಮುಗಸೋ ಮುಂದ ಕಡೀ ಮೂಲ್ಯಾಗ ರೊಟ್ಟಿ ಚೂರು ಇಟ್ಟು ಹೊಲೀತಿದ್ಲು, ಕೌದಿ ಹಸದಿರಬಾರದು ಅಂತ. ಈಗ ನಾನು ಹೊಲದ ಕೌದಿಗೂ ಇಡ್ಲೇನು? ಮಗಳು ಇರುವಿ ಹತ್ತತಾವು ಅಂತಾಳ.
(ಲಕ್ಷ್ಮೇಶ್ವರ)

ಉತ್ತರ: ಮಗಳು ಹೇಳಿದ್ದೂ ಖರೇ, ಆಯಿ ಮಾಡಿದ್ದೂ ಖರೇ. ಕಟಕಟಿ ಸಜ್ಜಿ ರೊಟ್ಟಿ ಚೂರು ಕೌದಿ ಮ್ಯಾಲ ಇಟ್ಟು ನೈವೇದ್ಯ ಮಾಡಿ ಮಗಳ ಬಾಯಿಗೆ ಹಾಕ್ರಿ, ಮೂಲ್ಯಾಗ ಒಂದ ರೂಪಾಯಿ ನಾಣ್ಯ ಇಟ್ಟು ಹೊಲೀರಿ.

ಪ್ರಶ್ನೆ: ಕೌದಿ ವಾಷಿಂಗ್ ಮಷಿನ್‌ಗೆ ಹಾಕಬಹುದಾ? ದಸರಾಕ್ಕ ಎಲ್ಲಾ ಹಾಸಿಗಿ ಒಗಿಯೋದ್ರಾಗ ಸೊಂಟ ಹೋಗತೈತಿ. ಬಣ್ಣಾನೂ ಬಿಡತೈತಿ.
(ಶಿಗ್ಗಾಂವಿ)

ಉತ್ತರ: ಹೊಸಾ ತೆಳ್ಳಂದಿದ್ರ ತಣ್ಣೀರಾಗ, ಸ್ಪಿನ್ ಕಡಿಮಿ ಇಟ್ಟು ಹಾಕ್ರಿ. ಹಳೇದು ಬ್ಯಾಡ, ನೀರು ಕುಡದ ಹತ್ತಿ ಭಾಳ ವಜ್ಜಾ ಆಗತೈತಿ, ಮಷಿನ್ ತಿರುವಿದಾಗ ಹೊಲಿಗಿ ಪಟಪಟ ಹರೀತಾವು. ಟಬ್ಬಿನಾಗ ನೆನಸಿ ಕಾಲಿಲೇ ತುಳೀರಿ, ಹಿಂಡಬ್ಯಾಡ್ರಿ, ಕಟ್ಟಿ ಮ್ಯಾಲ ಹಾಕಿ ನೀರು ಸೋರಾಕ ಬಿಡ್ರಿ, ಆಮ್ಯಾಲ ಎರಡು ತಂತಿ ಮ್ಯಾಲ ಅಗಲಕ ಹಾಕ್ರಿ, ಒಂದ ತಂತಿ ಮ್ಯಾಲ ಜೋತು ಹಾಕಿದ್ರ ನಡುವಿನ ಹೊಲಿಗಿ ಎಳೀತೈತಿ. ಒಳಗಿನ ಪದರ ಹಸಿ ಇದ್ದಾಗ ಮಡಚಿದ್ರ ಮುಗ್ಗಲ ವಾಸನಿ ಬರತೈತಿ, ಹೊರಳಿ ಹಾಕಿ ಎರಡು ಬಿಸಲು ಕೊಡ್ರಿ. ಬಣ್ಣಕ್ಕ ಉಪ್ಪುನೀರಾಗ ನೆನಸ್ರಿ ಅಂತ ಎಲ್ಲಾರೂ ಹೇಳತಾರ, ಅದರಿಂದ ಬಣ್ಣ ನಿಲ್ಲಂಗಿಲ್ಲ. ಹೊಲಿಯೋಕ್ಕಿಂತ ಮೊದಲ ಒಂದೊಂದ ಅರಿವಿ ಒದ್ದಿ ಮಾಡಿ ಬಿಳೇ ಅರಿವಿಲೇ ತಿಕ್ಕಿ ನೋಡ್ರಿ, ಬಣ್ಣ ಹತ್ತಿದ್ರ ಆ ತುಂಡು ಕಾಲೊರಸಾಕ ಮಾಡ್ರಿ. ಪಾಲಿಸ್ಟರ್ ಸೀರಿನೂ ಹತ್ತಿ ಜೋಡಿ ಕೂಡಸಬ್ಯಾಡ್ರಿ, ಒಗದ ಮ್ಯಾಲ ಹತ್ತಿ ಮುದುಡತೈತಿ, ಅದು ಮುದುಡಂಗಿಲ್ಲ. ಮತ್ತ ಸೊಂಟದ ಮಾತು, ತುಳಿಯಾಕ ಮನ್ಯಾಗಿನ ಗಂಡುಹುಡುಗರನ್ನ ಟಬ್ಬಿನಾಗ ಇಳಸ್ರಿ, ಅವರ ಹೊದಿಯೋ ಕೌದಿನ ಅಲ್ಲೇನ್ರಿ ಅವು.