ಆರಿದ ದೋಸೆ, ಅರವತ್ತರ ಊಟ

ಅಕ್ಕಾ, ನಮಸ್ಕಾರ. ನಾನು ಬೆಂಗಳೂರಿನವಳು, ವಯಸ್ಸು 33. ಮಗನಿಗೆ 4 ವರ್ಷ, ಮಗಳಿಗೆ 14 ತಿಂಗಳು. ಮಗಳು ಹುಟ್ಟಿದ ಮೇಲೆ ಹೊರಗೆ ಊಟಕ್ಕೆ ಹೋಗಿದ್ದೇ ಕಡಿಮೆ. ಎರಡು ವಾರದ ಹಿಂದೆ ಭಾನುವಾರ ಮೈದುನನ ಮನೆಯವರ ಜೊತೆ ಒಂದು ದೊಡ್ಡ ಹೋಟೆಲಿಗೆ ಹೋದೆವು. ಮಧ್ಯಾಹ್ನ ಒಂದೂಕಾಲಿಗೆ ತಲುಪಿದ್ದು, ಟೇಬಲ್ ಸಿಕ್ಕಿದ್ದು ಎರಡಕ್ಕೆ. ಅಷ್ಟರಲ್ಲಿ ಮಗಳು ರಚ್ಚೆ ಹಿಡಿದಿದ್ದಳು. ಅವಳನ್ನು ಎತ್ತಿಕೊಂಡು ನಾನು ಬಾಗಿಲ ಹತ್ತಿರ ಓಡಾಡುತ್ತಿದ್ದಾಗ ಮಗ ಟೇಬಲ್ ಕೆಳಗೆಲ್ಲ ನುಸುಳಿ, ಕಾಫಿ ತರುತ್ತಿದ್ದ ಸಪ್ಲೈಯರ್ ಕಾಲಿಗೇ ಅಡ್ಡ ಬಂದ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಪಕ್ಕದ ಟೇಬಲಿನ ಹಿರಿಯರೊಬ್ಬರು ‘ಮಕ್ಕಳನ್ನ ಸುಧಾರಿಸಕ್ಕಾಗದಿದ್ರೆ ಮನೇಲಿರಬೇಕು’ ಅಂದರು. ಇವರೂ ಮೈದುನನೂ ಸೈಟಿನ ಮಾತಾಡುತ್ತಿದ್ದವರು ಆಗ ತಲೆ ಎತ್ತಿ ನೋಡಿದರು. ನಾನು ಬಂದು ಕೂರುವ ಹೊತ್ತಿಗೆ ನನ್ನ ದೋಸೆ ಆರಿ ಮೆತ್ತಗಾಗಿತ್ತು, ತಿನ್ನಲಿಲ್ಲ. ಕಾರಿನಲ್ಲಿ ಎಲ್ಲರ ಎದುರಿಗೇ ಇವರು, ‘ನಿನಗೆ ಮಕ್ಕಳನ್ನ ಹಿಡಿಯೋಕೆ ಬರಲ್ಲ, ಇವಳಿಗೆ ಐದು ವರ್ಷ ಆಗೋವರೆಗೂ ಹೋಟೆಲ್ ಬೇಡ’ ಅಂದುಬಿಟ್ಟರು.

ಈ ತಿಂಗಳ ಕೊನೆಗೆ ಮಾವನವರಿಗೆ 60 ತುಂಬುತ್ತದೆ. ಶಾಂತಿ, ಹೋಮ ಎಲ್ಲ ತುಮಕೂರಿನ ಮನೆಯಲ್ಲಿ. ಮಾರನೆಯ ದಿನ ಬೆಂಗಳೂರಿನ ಹೋಟೆಲಿನಲ್ಲಿ 18 ಜನಕ್ಕೆ ಊಟ. ಆ ಊಟಕ್ಕೆ ನಾನು ಬರುವುದು ಬೇಡ, ಮಕ್ಕಳ ಜೊತೆ ಮನೆಯಲ್ಲಿರಲಿ ಅಂತ ಇವರು. ‘ಮೊಬೈಲ್ ಕೊಟ್ಟು ಕೂರಿಸಿದರಾಯಿತು’ ಅಂತ ನಾದಿನಿ. ನನಗೆ ಹೋಗಬೇಕು ಅನ್ನಿಸುತ್ತದೆ. ಆ ಹಿರಿಯರು ಹೇಳಿದ್ದು ಸರಿಯೇನೋ ಅಂತಲೂ ಅನ್ನಿಸುತ್ತದೆ. ಏನು ಮಾಡಲಿ?

— ಹೆಸರು ಬೇಡ, ಬೆಂಗಳೂರು

ಊಟಕ್ಕೆ ಹೋಗಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ನೋವಾಗಿದ್ದು ಆ ಹಿರಿಯರ ಮಾತಿಗಲ್ಲ. ಟೇಬಲಿನ ಮೇಲೆ ಆರಿ ಮೆತ್ತಗಾದ ನಿಮ್ಮ ದೋಸೆಗೆ. ಆವತ್ತು ಅಷ್ಟು ಜನರಲ್ಲಿ ಹಸಿದುಕೊಂಡು ವಾಪಸ್ ಬಂದವರು ನೀವೊಬ್ಬರೇ. ಕೊನೆಗೆ ಬೈಸಿಕೊಂಡವರೂ ನೀವೇ.

ಆ ಹಿರಿಯರ ಮಾತಿನಲ್ಲಿ ಸರಿ ಎಷ್ಟು, ತಪ್ಪು ಎಷ್ಟು ಅಂತ ನೋಡೋಣ. ಮಗು ಟೇಬಲುಗಳ ಸಂದಿಯಲ್ಲಿ ಓಡಾಡಬಾರದು ಅನ್ನುವುದು ನೂರಕ್ಕೆ ನೂರು ಸರಿ. ಮುಂದಿನ ಸಲ ಹೋಟೆಲಿನಲ್ಲಿ ಕೂತಾಗ ಸಪ್ಲೈಯರ್ ನಡೆಯುವುದನ್ನು ಒಮ್ಮೆ ಗಮನಿಸಿ. ಎಡಗೈ ಉದ್ದಕ್ಕೂ ಮೂರು ನಾಲ್ಕು ಪ್ಲೇಟ್ ಜೋಡಿಸಿಕೊಂಡು, ಬಲಗೈಯಲ್ಲಿ ಕಾಫಿ ಲೋಟ ಹಿಡಿದು, ಕಣ್ಣನ್ನು ದೂರದ ಟೇಬಲಿನ ಮೇಲೆ ನೆಟ್ಟು ಬರುತ್ತಿರುತ್ತಾರೆ. ಮಂಡಿಯ ಎತ್ತರಕ್ಕೆ ಬರುವ ಮಗು ಅವರಿಗೆ ಕಾಣುವುದೇ ಇಲ್ಲ. ಬಿಸಿ ಕಾಫಿಯೋ ಸಾಂಬಾರೋ ಚೆಲ್ಲಿದರೆ ಮಕ್ಕಳ ತೆಳು ಚರ್ಮ ನಮ್ಮದಕ್ಕಿಂತ ಬೇಗ, ಆಳವಾಗಿ ಸುಡುತ್ತದೆ. ಎಲ್ಲ ಅಮ್ಮಂದಿರಿಗೂ ಗೊತ್ತಿರಲಿ ಅಂತ ಇಲ್ಲೇ ಹೇಳುತ್ತೇನೆ: ಹಾಗೇನಾದರೂ ಆದರೆ ತಕ್ಷಣ ಕೈ ತೊಳೆಯುವ ನಲ್ಲಿಗೆ ಓಡಿ, ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್ ಬೇಡ, ಐಸ್ ಬೇಡ. ಆಮೇಲೆ ಆಸ್ಪತ್ರೆ. ಆ ಸಪ್ಲೈಯರ್‌ಗೆ ಆವತ್ತೇ ಒಂದು ‘ಸಾರಿ’ ಹೇಳಿದ್ದರೆ ಒಳ್ಳೆಯದು. ಇಲ್ಲದಿದ್ದರೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಆದರೆ ‘ಮನೇಲಿರಬೇಕು’ ಅಂದರಲ್ಲ, ಆ ಅರ್ಧವನ್ನು ನಾನು ಒಪ್ಪುವುದಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತಾಗ ಮಕ್ಕಳಿಗೂ ಒಂದು ಎಲೆ ಹಾಕುವ ಜನ ನಾವು. ಎಲೆಗೆ ನೀರು ಚಿಮುಕಿಸಿ ಒರೆಸುವುದು, ಪಾಯಸ ಬರುವ ತನಕ ಕಾಯುವುದು, ಪಕ್ಕದವರದ್ದು ಮುಗಿಯುವ ಮುಂಚೆ ಏಳದೆ ಇರುವುದು, ಇದನ್ನೆಲ್ಲ ನಮಗೆ ಯಾರೂ ಪಾಠ ಮಾಡಲಿಲ್ಲ. ಕೂತು ಕೂತು ಬಂತು. ಹೋಟೆಲೂ ಅಷ್ಟೆ. ನಾನು ಚಿಕ್ಕವಳಿದ್ದಾಗ ನಮ್ಮೂರ ಉಡುಪಿ ಹೋಟೆಲಿನಲ್ಲಿ ‘ಫ್ಯಾಮಿಲಿ ರೂಮ್’ ಅಂತ ಇತ್ತು. ಮರದ ಅಡ್ಡಗೋಡೆ, ಅರ್ಧ ಬಾಗಿಲು, ತಣ್ಣಗಿನ ಕಲ್ಲಿನ ಟೇಬಲ್. ಅಮ್ಮ ಒಂದು ವಡೆಯನ್ನು ಮೂರು ತುಂಡು ಮಾಡಿ ನಮ್ಮ ಮುಂದಿಟ್ಟು, ತಮ್ಮನಿಗೆ ಸೆರಗಿನ ಮರೆಯಲ್ಲಿ ಹಾಲು ಕೊಟ್ಟು, ಆಮೇಲೆ ನಿಧಾನವಾಗಿ ತನ್ನ ಕಾಫಿ ಕುಡಿಯುತ್ತಿದ್ದಳು. ಮಕ್ಕಳಿರುವ ಹೆಂಗಸೂ ಹೊರಗೆ ಬಂದು ತಿನ್ನುತ್ತಾಳೆ ಅಂತ ಆ ಹೋಟೆಲ್ ಕಟ್ಟಿದವರಿಗೆ ಗೊತ್ತಿತ್ತು. ಈಗಿನ ಹೋಟೆಲುಗಳಲ್ಲಿ ಆ ರೂಮುಗಳು ಹೋದವು. ಅದರಿಂದ ನಷ್ಟವಾಗಿದ್ದು ಅಮ್ಮಂದಿರಿಗೆ.

ಇನ್ನು ಆವತ್ತಿನ ಲೆಕ್ಕ. ನಿಮ್ಮ ಮಗ ಮನೆಯಲ್ಲಿ ಎಷ್ಟು ಹೊತ್ತಿಗೆ ಉಣ್ಣುತ್ತಾನೆ? ಹನ್ನೆರಡೂವರೆ ಇರಬಹುದು. ಮಗಳು ಮಲಗುವುದು ಒಂದರ ಸುಮಾರಿಗೆ. ಒಂದೂಕಾಲಿಗೆ ಅಲ್ಲಿಗೆ ಹೋಗಿ, 45 ನಿಮಿಷ ಕಾದು, ಆರ್ಡರ್ ಕೊಟ್ಟು ಇನ್ನೊಂದು 15 ನಿಮಿಷ ಅಂದರೆ ಹಸಿವೂ ನಿದ್ದೆಯೂ ಎರಡೂ ನೆತ್ತಿಗೇರಿದ ಹೊತ್ತಿಗೆ ಅವರಿಗೆ ‘ಸುಮ್ನೆ ಕೂತ್ಕೋ’ ಅಂದ ಹಾಗಾಯಿತು. ಅದು ಮಕ್ಕಳ ಹಟ ಅಲ್ಲ, ಗಡಿಯಾರದ ತಪ್ಪು. 4 ವರ್ಷದ ಮಗು ಒಂದೆಡೆ 20–25 ನಿಮಿಷ ಕೂತರೆ ಅದೇ ದೊಡ್ಡದು. ಆ 25 ನಿಮಿಷವನ್ನು ಕಾಯುವುದಕ್ಕೆ ಖರ್ಚು ಮಾಡಬೇಡಿ, ತಿನ್ನುವುದಕ್ಕೆ ಉಳಿಸಿಕೊಳ್ಳಿ.

ಹಾಗಾಗಿ ದೊಡ್ಡ ಊಟಕ್ಕೆ ಮುಂಚೆ ಎರಡು ಮೂರು ಸಲ ಚಿಕ್ಕದಾಗಿ ಹೋಗಿಬನ್ನಿ. ಇದಕ್ಕೆ ದರ್ಶಿನಿಗಿಂತ ಒಳ್ಳೆಯ ಜಾಗ ಇಲ್ಲ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ಹೋಟೆಲುಗಳನ್ನು ಅವಸರದವರಿಗೆ ಅಂತ ಮಾಡಿದ್ದು, ಆದರೆ ಮಕ್ಕಳಿರುವವರಿಗೂ ಚೆನ್ನಾಗಿ ಹೊಂದುತ್ತವೆ. ಟೋಕನ್ ಕೊಟ್ಟ ಎರಡು ನಿಮಿಷಕ್ಕೆ ಇಡ್ಲಿ ಕೈಗೆ ಬರುತ್ತದೆ. ದುಡ್ಡು ಮೊದಲೇ ಕೊಟ್ಟಿರುತ್ತೀರಿ, ಮಗು ಅತ್ತರೆ ಬಿಲ್ಲಿಗೆ ಕಾಯದೆ ಎದ್ದು ಬರಬಹುದು. ನಿಂತು ತಿನ್ನುವ ಟೇಬಲ್ ಮಕ್ಕಳಿಗೆ ಎಟುಕುವುದಿಲ್ಲ, ಆದ್ದರಿಂದ ಕೂರಲು ಜಾಗವೋ ಹೊರಗಡೆ ಕಟ್ಟೆಯೋ ಇರುವುದನ್ನು ಆರಿಸಿಕೊಳ್ಳಿ. ಟೋಕನನ್ನು ಮಗನ ಕೈಯಲ್ಲೇ ಕೊಡಿಸಿ. ‘ಅಂಕಲ್, ಒಂದು ಪ್ಲೇಟ್ ಇಡ್ಲಿ, ಸಾಂಬಾರ್ ಬೇರೆ’ ಅಂತ ಅವನೇ ಹೇಳಲಿ. ತಾನು ಹೇಳಿದ್ದು ಬರುತ್ತಾ ಅಂತ ಕೌಂಟರ್ ಕಡೆ ಕಣ್ಣಿಟ್ಟು ನಿಂತ ಮಗು ಟೇಬಲ್ ಕೆಳಗೆ ಹೋಗುವುದಿಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಂಥ ಕಡೆಗೂ ಕರೆದುಕೊಂಡು ಹೋಗಬೇಕು, 1943ರಿಂದ ದೋಸೆ ಹಾಕುತ್ತಿರುವ ಜಾಗ, ನಮ್ಮ ಮಕ್ಕಳು ನೋಡದೆ ಇರುವುದುಂಟೇ. ಆದರೆ ಭಾನುವಾರ ಬೆಳಗ್ಗೆ ಹೆಸರು ಬರೆಸಿ ಕಾಯುವ ಸಂಭ್ರಮ ದೊಡ್ಡವರದ್ದು. ನೀವು ವಾರದ ಮಧ್ಯೆ, ಜನ ಸೇರುವ ಮುಂಚೆ ಹೋಗಿ.

ಹೊರಡುವ ಮುಂಚೆ ಮನೆಯಲ್ಲಿ ಅರ್ಧ ಹೊಟ್ಟೆಗೆ ಏನಾದರೂ ಕೊಡಿ, ಬಾಳೆಹಣ್ಣೋ ಎರಡು ತುತ್ತು ಮೊಸರನ್ನವೋ. ಮಗಳಿಗೆ ಹೋಟೆಲಿನಲ್ಲಿ ಇಡ್ಲಿ, ಮೆತ್ತಗಿನ ಅನ್ನ ತೊವ್ವೆ ಸಾಕು. ಚಿತ್ರಾನ್ನದಲ್ಲಿ ಸಿಗುವ ಇಡೀ ಕಡಲೆಬೀಜ, ಹಣ್ಣಿನ ಬಟ್ಟಲಿನ ಇಡೀ ದ್ರಾಕ್ಷಿ ಇಬ್ಬರಿಗೂ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ದ್ರಾಕ್ಷಿಯಾದರೆ ಉದ್ದಕ್ಕೆ ಸೀಳಿ ಕೊಡಿ. ಕೆಂಪು ಕೆಂಪಾದ ಗೋಬಿ ಮಂಚೂರಿಗೆ ಮಗ ಕೈ ತೋರಿಸಿದರೆ ಬೇಡ ಅನ್ನಿ. ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧಿಸಿದೆ, ಆದರೂ ಬಣ್ಣ ಕಂಡರೆ ನಂಬಬಾರದು. ದೊಡ್ಡ ಹೋಟೆಲಿನಲ್ಲಿ ಹೊಗೆಯಾಡುವ ಸಿಹಿ ಏನಾದರೂ ತಂದಿಟ್ಟರೆ ಮಕ್ಕಳ ಹತ್ತಿರಕ್ಕೂ ತರಬೇಡಿ. ಆ ಹೊಗೆಗೆ ಬಳಸುವ ದ್ರವ ಸಾರಜನಕ ಬಾಯಿಗೆ, ಹೊಟ್ಟೆಗೆ ಹೋದರೆ ಸುಟ್ಟ ಹಾಗೇ ಗಾಯ ಮಾಡುತ್ತದೆ.

ಮೊಬೈಲಿನ ಮಾತು. ನಿಮ್ಮ ನಾದಿನಿ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಸುಸ್ತಾದ ಮನೆಗಳಲ್ಲೆಲ್ಲ ಇದೇ ಔಷಧಿ. ಆದರೆ ಮಗಳಿಗಂತೂ ಖಂಡಿತ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯ ಪ್ರಕಾರ 2 ವರ್ಷದೊಳಗಿನ ಮಕ್ಕಳಿಗೆ ಮೊಬೈಲ್, ಟಿವಿ ತೋರಿಸಲೇಬಾರದು. 2ರಿಂದ 4 ವರ್ಷದವರಿಗೂ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಮಗನಿಗೆ ಊಟ ಮುಗಿದ ಮೇಲೆ, ದೊಡ್ಡವರು ಬಿಲ್ಲಿಗೆ ಕಾಯುವಾಗ ಹತ್ತು ನಿಮಿಷ ಕೊಟ್ಟರೆ ನಾನು ನಿಮ್ಮನ್ನು ಬೈಯುವುದಿಲ್ಲ. ಬಾಯಿಗೆ ತುತ್ತು ಹಾಕುವಾಗ ಮಾತ್ರ ಬೇಡ. ಪರದೆ ನೋಡುತ್ತಾ ನುಂಗುವ ಮಗುವಿಗೆ ಹೊಟ್ಟೆ ತುಂಬಿದ್ದೂ ಗೊತ್ತಾಗುವುದಿಲ್ಲ, ಎದುರಿಗೆ ಕೂತ ಅಜ್ಜಿ ಏನು ಕೇಳಿದರು ಅನ್ನುವುದೂ ಕೇಳಿಸುವುದಿಲ್ಲ. ಅದರ ಬದಲು ಬ್ಯಾಗಿನಲ್ಲಿ ನಾಲ್ಕು ಕ್ರಯಾನ್, ಒಂದು ನೋಟ್‌ಬುಕ್ಕು, ಮಗಳಿಗೆ ಮನೆಯ ಒಂದು ಸ್ಟೀಲ್ ಬಟ್ಟಲು ಮತ್ತು ಚಮಚ ಇಟ್ಟುಕೊಳ್ಳಿ. ಬಟ್ಟಲಿಂದ ಬಟ್ಟಲಿಗೆ ಮಂಡಕ್ಕಿ ತುಂಬುವುದರಲ್ಲಿ ಆ ವಯಸ್ಸಿನವರು ಎಷ್ಟು ಹೊತ್ತು ಮುಳುಗಿರುತ್ತಾರೆ ನೋಡಿ.

ಇಷ್ಟೆಲ್ಲ ಹೇಳಿದೆ, ಆದರೆ ನಿಮ್ಮ ಮನೆಯ ನಿಜವಾದ ಗಂಟು ಇದ್ಯಾವುದೂ ಅಲ್ಲ. ‘ನಿನಗೆ ಮಕ್ಕಳನ್ನ ಹಿಡಿಯೋಕೆ ಬರಲ್ಲ’ ಅನ್ನುವ ಮಾತು. ಇಬ್ಬರು ಮಕ್ಕಳು, ನಿಮಗಿರುವುದು ಎರಡೇ ಕೈ, ಅವೆರಡೂ ಅಳುವ ಮಗಳ ಸುತ್ತ ಇದ್ದವು. ಮಗ ಕುರ್ಚಿಯಿಂದ ಇಳಿದಾಗ ಅವನ ಪಕ್ಕದಲ್ಲೇ ಇದ್ದವರು ಅಪ್ಪ. ನಿಮ್ಮ ಯಜಮಾನರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅಪರಿಚಿತರೊಬ್ಬರು ಎಲ್ಲರ ಎದುರು ಅಂದಾಗ ಆದ ಅವಮಾನವನ್ನು ಅವರು ಹತ್ತಿರದಲ್ಲಿದ್ದ ನಿಮ್ಮ ಮೇಲೆ ಹಾಕಿದರು. ಆದರೆ ಅದು ಅನ್ಯಾಯ, ಮತ್ತು ಅದನ್ನು ಅವರಿಗೆ ಹೇಳಲೇಬೇಕು. ಜಗಳದ ಹೊತ್ತಿನಲ್ಲಿ ಬೇಡ. ಮಕ್ಕಳು ಮಲಗಿದ ಮೇಲೆ, ಟಿವಿ ಆರಿಸಿ, ಇಷ್ಟೇ ಹೇಳಿ: ‘ರೀ, ಆವತ್ತು ನಾನು ಊಟ ಮಾಡಲಿಲ್ಲ, ನೀವು ಗಮನಿಸಿದ್ರಾ? ಕಾರಲ್ಲಿ ನೀವಂದ ಮಾತು ಇನ್ನೂ ಚುಚ್ತಾ ಇದೆ. ಮುಂದಿನ ಸಲ ಮಗ ನಿಮ್ಮ ಪಾಲು, ಮಗಳು ನನ್ನ ಪಾಲು. ಅರ್ಧ ಊಟಕ್ಕೆ ಅದಲು ಬದಲು ಮಾಡ್ಕೊಳ್ಳೋಣ.’ ಹೇಳಿ ಸುಮ್ಮನಾಗಿ. ಅವರು ಯೋಚನೆ ಮಾಡಲಿ.

ಅದಲು ಬದಲು ಅಂದರೆ ನಿಜವಾಗಿಯೂ ಅದಲು ಬದಲು. ಒಬ್ಬರು ಮಗುವನ್ನು ಎತ್ತಿಕೊಂಡು ಹೊರಗೆ ಹೋಗಿ ಸ್ಕೂಟರು, ಬೀದಿನಾಯಿ, ಎಳನೀರು ಗಾಡಿ ತೋರಿಸುತ್ತಿರಬೇಕು, ಇನ್ನೊಬ್ಬರು ಕೂತು ಬಿಸಿಬಿಸಿ ತಿನ್ನಬೇಕು. ಮೊದಲ ಸರದಿ ಅಮ್ಮನದ್ದು. ಎದೆಹಾಲು ಕೊಡುತ್ತಿದ್ದರಂತೂ ಇದರಲ್ಲಿ ಚರ್ಚೆಯೇ ಇಲ್ಲ.

ಅರವತ್ತರ ಊಟದ ಹೋಟೆಲಿಗೆ ನಾಲ್ಕು ದಿನ ಮುಂಚೆ ನೀವೇ ಫೋನ್ ಮಾಡಿ. 18 ಜನ ಬರುವ ಗಿರಾಕಿಯ ಮಾತನ್ನು ಯಾರೂ ತೆಗೆದುಹಾಕುವುದಿಲ್ಲ. ಗೋಡೆ ಬದಿಯ ಟೇಬಲ್ ಬೇಕು, ಅಡುಗೆಮನೆ ಬಾಗಿಲಿನಿಂದ ದೂರ. ಮಗುವಿಗೆ ಎತ್ತರದ ಕುರ್ಚಿ ಇದೆಯಾ, ಅದಕ್ಕೆ ಬೆಲ್ಟ್ ಸರಿಯಿದೆಯಾ ಕೇಳಿ. ಊಟ ಹನ್ನೆರಡಕ್ಕೆ ಶುರುವಾಗಲಿ, ಮಕ್ಕಳ ತಟ್ಟೆ ಎಲ್ಲರಿಗಿಂತ ಮೊದಲು ಬರಲಿ. ಮಗನನ್ನು ಗೋಡೆ ಕಡೆ ಕೂರಿಸಿ, ಅವನ ಪಕ್ಕ ಅವರಪ್ಪ. ಬಿಸಿ ಲೋಟಗಳೆಲ್ಲ ಟೇಬಲಿನ ನಡುವೆ. ಕೆಳಗೆ ಬಿದ್ದ ಅನ್ನವನ್ನು ಏಳುವಾಗ ಟಿಶ್ಯೂವಿನಲ್ಲಿ ಒಟ್ಟು ಮಾಡಿಟ್ಟು, ಕ್ಲೀನರ್ ಕೈಗೆ ಐವತ್ತು ರೂಪಾಯಿ ಕೊಡಿ. ಅವರೂ ಮನೆಯಲ್ಲಿ ಮಕ್ಕಳನ್ನು ಬಿಟ್ಟು ಬಂದಿರುತ್ತಾರೆ. ಎಲ್ಲ ಮಾಡಿದರೂ ಮಗಳು ಅತ್ತರೆ ಅಳಲಿ. 14 ತಿಂಗಳ ಮಗು ಅತ್ತಿತು ಅಂತ ಯಾರ ಊಟವೂ ಕೆಡುವುದಿಲ್ಲ, ಒಬ್ಬರು ಎತ್ತಿಕೊಂಡು ಹೊರಗೆ ಹೋದರಾಯಿತು. ಆ ಒಬ್ಬರು ಪ್ರತಿ ಸಲವೂ ನೀವೇ ಆಗಬೇಕಿಲ್ಲ.

ಇನ್ನೊಂದು. ನಿಮ್ಮ ಪತ್ರದಲ್ಲಿ ಯಜಮಾನರು ಏನಂದರು ಅಂತ ಇದೆ, ನಾದಿನಿ ಏನಂದರು ಅಂತ ಇದೆ, ಗುರುತಿಲ್ಲದ ಹಿರಿಯರೊಬ್ಬರು ಏನಂದರು ಅಂತಲೂ ಇದೆ. ನಿಮ್ಮ ಮಾವ ಏನಂದರು ಅಂತ ಎಲ್ಲೂ ಇಲ್ಲ. ಅರವತ್ತು ತುಂಬುತ್ತಿರುವುದು ಅವರಿಗೆ. ಮೊಮ್ಮಕ್ಕಳು ಬರಬೇಕೋ ಬೇಡವೋ ಅಂತ ಅವರನ್ನು ಯಾರಾದರೂ ಕೇಳಿದ್ದೀರಾ? ಇವತ್ತು ಸಂಜೆ ತುಮಕೂರಿಗೆ ಫೋನ್ ಮಾಡಿ, ‘ಮಾವ, ಅವತ್ತು ಊಟಕ್ಕೆ ಮಕ್ಕಳನ್ನ ನಿಮ್ಮ ಪಕ್ಕ ಕೂರಿಸ್ಲಾ?’ ಅಂತ ಕೇಳಿ. ಅವರು ಏನಂದರು ಅನ್ನುವುದನ್ನು ಮನೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿ. ಈ ಬುಧವಾರ ಬೆಳಗ್ಗೆ ಮಗ, ಮಗಳು, ಅವರಪ್ಪನನ್ನು ಕರೆದುಕೊಂಡು ಹತ್ತಿರದ ದರ್ಶಿನಿಗೆ ನಡೆಯಿರಿ. ದೋಸೆ ಬಂದ ತಕ್ಷಣ ಮಗಳನ್ನು ಅವರ ಕೈಗೆ ಕೊಟ್ಟು, ನೀವು ಮೊದಲು ತಿನ್ನಿ.