ಕೆರೆಯಂಚಿನ ಹೊಲಕ್ಕೆ, ಹಸುವಿಗೆ ಜೌಗು ನಿಯಮ ಅಡ್ಡಿಯೇ?

ಪ್ರಶ್ನೆ: ಬೆಂಗಳೂರಿನ ಬಿದರಹಳ್ಳಿ ಹೋಬಳಿಯಲ್ಲಿ ಕೆರೆಗೆ ಅಂಟಿಕೊಂಡು ನಮ್ಮ ಎರಡು ಎಕರೆ ಹೊಲವಿದೆ. ರಾಗಿ, ಸೊಪ್ಪು ಬೆಳೆಯುತ್ತೇವೆ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಕೆರೆ ಕಡೆಗೂ ಸ್ವಲ್ಪ ಉಳುತ್ತೇವೆ. ನಾಲ್ಕು ಸೀಮೆಹಸುಗಳಿಗೆ ಕೆರೆ ಹುಲ್ಲೇ ಆಧಾರ. ಜೌಗು ಪ್ರದೇಶವೆಂದು ಘೋಷಿಸಿದರೆ ಉಳುವಂತಿಲ್ಲ, ದನ ಬಿಡುವಂತಿಲ್ಲ ಅಂತಾರೆ, ನಿಜವೇ? ಹೊಲದಲ್ಲಿ ಕೊಟ್ಟಿಗೆ ಕಟ್ಟಬಹುದೇ?

ಉತ್ತರ: 2017ರ ಜೌಗು ಪ್ರದೇಶ ಸಂರಕ್ಷಣೆ ಮತ್ತು ನಿರ್ವಹಣೆ ನಿಯಮಗಳಲ್ಲಿ ಸ್ವಂತ ಹೊಲ ಉಳಬಾರದೆಂದು ಎಲ್ಲೂ ಇಲ್ಲ. ಭತ್ತದ ಗದ್ದೆಯನ್ನಂತೂ ವ್ಯಾಖ್ಯೆಯಿಂದಲೇ ಹೊರಗಿಟ್ಟಿದ್ದಾರೆ. ನೀರಾವರಿಗೆಂದೇ ಕಟ್ಟಿದ ಕೆರೆಗಳೂ ಹೊರಗೆ. ನಮ್ಮ ಸುತ್ತಲಿನ ಎಷ್ಟೋ ಕೆರೆಗಳು ಅಚ್ಚುಕಟ್ಟಿಗಾಗಿ ಕಟ್ಟಿದವು, ಹಾಗಾಗಿ ನಿಮ್ಮ ಕೆರೆ ಈ ನಿಯಮದಡಿ ಬರುತ್ತದೆಯೇ ಎಂಬುದನ್ನೇ ಮೊದಲು ವಿಚಾರಿಸಿ. (ಅಪವಾದವೂ ಉಂಟು: ವಿಜಯನಗರ ಜಿಲ್ಲೆಯ ಅಂಕಸಮುದ್ರ ನೀರಾವರಿ ಕೆರೆಯಾದರೂ 2024ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿ, ಸೇರಿತು.) ಬರದಿದ್ದರೂ ರಾಜ್ಯದ 2014ರ ಕೆರೆ ಸಂರಕ್ಷಣೆ ಕಾಯ್ದೆ ಇದ್ದೇ ಇದೆ.

ತೊಡಕಿರುವುದು ಬೇಸಿಗೆಯಲ್ಲಿ ಉಳುವ ಆ ತುಂಡಿನಲ್ಲಿ. ಅದು ಸರ್ಕಾರಿ ಕೆರೆ ಅಂಗಳವಾದರೆ ಎಷ್ಟು ವರ್ಷ ಉತ್ತಿದ್ದರೂ ಒತ್ತುವರಿಯೇ. ಹದ್ದುಬಸ್ತಿಗೆ (ಜಮೀನಿನ ಗಡಿ ಅಳತೆಗೆ) ಅರ್ಜಿ ಹಾಕಿ. ಸರ್ವೆಯವರು ಬಂದ ದಿನ ಖುದ್ದಾಗಿ ನಿಂತು, ಗ್ರಾಮ ನಕ್ಷೆಯಲ್ಲಿ ಕೆರೆಯ ಗಡಿ ಎಲ್ಲಿ ಬೀಳುತ್ತದೆಂದು ನೋಡಿ, ಕಲ್ಲು ನೆಡಿಸಿಕೊಳ್ಳಿ.

ನನ್ನನ್ನು ಹೆಚ್ಚು ಕಾಡುವುದು ಹಸುವಿನ ವಿಷಯ. 2010ರ ಹಳೆಯ ನಿಯಮದಲ್ಲೂ ದನ ಮೇಯಿಸುವುದಕ್ಕೆ ಪೂರ್ತಿ ನಿಷೇಧ ಇರಲಿಲ್ಲ, ಮಿತಿಯಷ್ಟೇ ಇತ್ತು. 2017ರ ನಿಯಮ ಆ ತೀರ್ಮಾನವನ್ನು ರಾಜ್ಯದ ಜೌಗು ಪ್ರದೇಶ ಪ್ರಾಧಿಕಾರಕ್ಕೆ ಬಿಟ್ಟಿದೆ. ಘೋಷಣೆಗೆ ಮುಂಚೆ ಪ್ರತಿ ಜಾಗಕ್ಕೂ ಒಂದು ಸಂಕ್ಷಿಪ್ತ ದಾಖಲೆ ತಯಾರಾಗಬೇಕು. ಜನರಿಗೆ ಮೊದಲಿನಿಂದ ಇದ್ದ ಹಕ್ಕು, ಸವಲತ್ತುಗಳು ಅದರಲ್ಲಿ ಬರಲೇಬೇಕು. ಕರಡು ಅಧಿಸೂಚನೆಗೆ ಆಕ್ಷೇಪಣೆ ಕೊಡಲು 60 ದಿನ ಅವಕಾಶವಿದೆ. ಹುಲ್ಲು ಕೊಯ್ಯುವವರು, ದನ ಮೇಯಿಸುವವರು, ಮೀನು ಹಿಡಿಯುವವರು ಒಟ್ಟಾಗಿ ಬರೆದುಕೊಡಿ, ಸ್ವೀಕೃತಿ ಪಡೆಯಿರಿ. ನಗರದ ಎಷ್ಟೋ ಕೆರೆಗಳಲ್ಲಿ ಈಗ ಗೇಟಿಗೆ ವಾಕಿಂಗ್ ಸಮಯದ ಬೋರ್ಡ್ ಇದೆ, ದನ ನೀರಿಗಿಳಿಯಲು ದಾರಿಯಿಲ್ಲ. ಕೆರೆಯನ್ನು ತಲೆಮಾರುಗಳಿಂದ ಬಳಸಿದವರನ್ನು ಹೀಗೆ ಆಚೆಗಟ್ಟುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಒಳಚರಂಡಿ, ಕಾರ್ಖಾನೆ ನೀರು ಸೇರುವ ಕಡೆಯ ಹುಲ್ಲನ್ನು ಮಾತ್ರ ಹಾಕಬೇಡಿ. ಅದರಲ್ಲಿ ಭಾರಲೋಹ ಸೇರಿರಬಹುದು. ಸಂಸ್ಕರಿಸದ ಕೊಳಚೆ ಬಿಡುವುದಕ್ಕೂ ಇದೇ ನಿಯಮದಲ್ಲಿ ನಿಷೇಧವಿದೆ. ಹಾಗೆ ಬಿಡುವವರ ಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡಬಹುದು.

ಕೊಟ್ಟಿಗೆ: ಘೋಷಿತ ಜೌಗು ಪ್ರದೇಶವಾದರೆ, 2017ರ ನಿಯಮ ಜಾರಿಯಾದ ದಿನಕ್ಕೆ ಹಿಂದಿನ 10 ವರ್ಷಗಳ ಸರಾಸರಿ ನೆರೆ ಮಟ್ಟದಿಂದ 50 ಮೀಟರ್ ಒಳಗೆ ಶಾಶ್ವತ ಕಟ್ಟಡ ಕಟ್ಟುವಂತಿಲ್ಲ. ಬೆಂಗಳೂರಿನ 2015ರ ಮಹಾಯೋಜನೆ ಕೆರೆಯ ಸುತ್ತ ಕಟ್ಟಡ ಕಟ್ಟದ ಜಾಗವಾಗಿ 30 ಮೀಟರ್ ಮೀಸಲು ಇಟ್ಟಿತ್ತು. ಹಸಿರು ನ್ಯಾಯಮಂಡಳಿ 2016ರಲ್ಲಿ ಅದನ್ನು 75ಕ್ಕೆ ಏರಿಸಿತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಅಂತರ ಬದಲಾಗುತ್ತಲೇ ಇರುವುದರಿಂದ ಪಾಯ ತೆಗೆಯುವ ಮೊದಲು ಯೋಜನಾ ಪ್ರಾಧಿಕಾರದಿಂದ ಲಿಖಿತವಾಗಿ ಕೇಳಿ. ತಿಪ್ಪೆಯನ್ನಂತೂ ಕೆರೆ ಕಡೆಯ ಇಳಿಜಾರಿನಲ್ಲಿ ಹಾಕಬೇಡಿ.