ಜಾಜ್ ನುಡಿಸುವವರಿಗೆ ಹಾಲೋಬಾಡಿ ಗಿಟಾರ್ ಅಂದ್ರೆ ಯಾಕಷ್ಟು ಇಷ್ಟ?

ನನ್ನ ಪ್ರಕಾರ ಮುಖ್ಯ ಕಾರಣ, ಅದರ ಸ್ವರ ಬೇಗ ಆರಿಹೋಗುತ್ತದೆ ಅನ್ನೋದು. ವಿಚಿತ್ರ ಅನಿಸುತ್ತೆ ಅಲ್ವಾ? ರಾಕ್ ನುಡಿಸುವವರಿಗೆ ಸ್ವರ ಉದ್ದಕ್ಕೆ ನಿಲ್ಲಬೇಕು. ಹಾಲೋಬಾಡಿಯ ಒಳಗೆ ಪೂರ್ತಿ ಟೊಳ್ಳು. ತಂತಿ ಮೀಟಿದ ಕೂಡಲೇ ಕಂಪನ ತಂತಿಗಳನ್ನು ಹೊತ್ತ ಬ್ರಿಡ್ಜ್ ಮೂಲಕ ತೆಳ್ಳಗಿನ ಮೇಲ್ಹಲಗೆಗೆ ಇಳಿಯುತ್ತದೆ. ಸ್ವರ ಟಪ್ಪನೆ ಎದ್ದು ಬೇಗ ಕರಗುತ್ತದೆ. ಜಾಜ್‌ನಲ್ಲಿ ಕಾರ್ಡ್‌ಗಳು, ಅಂದ್ರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು, ಒಂದರ ಹಿಂದೊಂದು ಬದಲಾಗುತ್ತಲೇ ಇರುತ್ತವೆ. ಹಳೇ ಕಾರ್ಡ್ ಇನ್ನೂ ಗುಂಯ್ ಅಂತಿದ್ದರೆ ಹೊಸದು ಅದರಲ್ಲಿ ಕಲಸಿಹೋಗುತ್ತದೆ.

ಜೊತೆಗೆ ಆ ಬೆಚ್ಚಗಿನ, ದುಂಡನೆಯ ನಾದ. ಅದರಲ್ಲಿ ಗಿಟಾರ್‌ನದ್ದೇ ಪಾಲು ಅನ್ನುವಂತಿಲ್ಲ. ಕುತ್ತಿಗೆ ಕಡೆಯ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ಇಳಿಸಿದ ಟೋನ್ ನಾಬ್, ನುಣುಪಾದ ಫ್ಲಾಟ್‌ವೂಂಡ್ ತಂತಿ, ಎಲ್ಲ ಸೇರಬೇಕು. ಜಾಜ್ ಗಿಟಾರ್ ವಾದಕ ವೆಸ್ ಮಾಂಟ್ಗೊಮರಿಯಂತೂ ಪಿಕ್ (ತಂತಿ ಮೀಟುವ ಬಿಲ್ಲೆ) ಬಿಟ್ಟು ಬರೀ ಹೆಬ್ಬೆರಳಲ್ಲಿ ಗಿಬ್ಸನ್ ಎಲ್-5 ಹಾಲೋಬಾಡಿ ನುಡಿಸುತ್ತಿದ್ದರು.

ಚರಿತ್ರೆಯೂ ಇದೆ. ದೊಡ್ಡ ಬ್ಯಾಂಡ್‌ಗಳ ಟ್ರಂಪೆಟ್, ಸ್ಯಾಕ್ಸೋಫೋನ್ ಮಧ್ಯೆ ಗಿಟಾರ್ ಸೋಲೋ ಕೇಳಿಸುವುದೇ ಕಷ್ಟವಿತ್ತು. 1936ರಲ್ಲಿ ಗಿಬ್ಸನ್ ಕಂಪನಿಯ ಇಎಸ್-150 ಎಂಬ ಎಲೆಕ್ಟ್ರಿಕ್ ಹಾಲೋಬಾಡಿ ಗಿಟಾರ್ ಬಂತು. 1939ರಲ್ಲಿ ಬೆನ್ನಿ ಗುಡ್‌ಮನ್ ಅವರ ಜಾಜ್ ತಂಡ ಸೇರಿದ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ಅದರಲ್ಲೇ ಸ್ಯಾಕ್ಸೋಫೋನ್ ಥರ ಸೋಲೋ ನುಡಿಸಿ ತೋರಿಸಿದರು. ಆಮೇಲೆ ಬಂದವರ ಕಿವಿ ಅದೇ ನಾದಕ್ಕೆ ಒಗ್ಗಿತು.

ತೊಂದರೆ ಒಂದೇ: ಫೀಡ್‌ಬ್ಯಾಕ್. ವಾಲ್ಯೂಮ್ ಜಾಸ್ತಿ ಮಾಡಿದರೆ ಟೊಳ್ಳು ಒಡಲು ಊಳಿಡುತ್ತದೆ. 1958ರ ಗಿಬ್ಸನ್ ಇಎಸ್-335 ಗಿಟಾರ್‌ನಲ್ಲಿ ಇದಕ್ಕೆಂದೇ ನಡುವೆ ಗಟ್ಟಿ ಮರದ ದಿಮ್ಮಿ ಕೂರಿಸಿದರು.

ಹಾಗಂತ ಹಾಲೋಬಾಡಿ ಇಲ್ಲದೆ ಜಾಜ್ ಇಲ್ಲ ಅಂತೇನಿಲ್ಲ. ಕೆನಡಾದ ಎಡ್ ಬಿಕರ್ಟ್ ಟೊಳ್ಳಿಲ್ಲದ, ಗಟ್ಟಿ ಮರದ ಟೆಲಿಕ್ಯಾಸ್ಟರ್ ಗಿಟಾರ್‌ನಲ್ಲೇ ಸೊಗಸಾಗಿ ನುಡಿಸಿದವರು. ಸುಮ್ನೆ ಒಮ್ಮೆ ಕೇಳಿ ನೋಡಿ.